ಬಲ್ಲವರೇ, ಬರೆದಿಡಿ

ಮೈನ್‌ಕ್ರಾಫ್ಟ್ ಆಟದಲ್ಲಿ ವಜ್ರ ಬೇಕಿದ್ದರೆ 11ನೇ ಮಟ್ಟಕ್ಕೆ ಇಳಿ ಎಂದು ಇವತ್ತಿಗೂ ಯಾರೋ ಒಬ್ಬರು ಹೊಸಬರಿಗೆ ಹೇಳುತ್ತಿರುತ್ತಾರೆ. ಒಂದು ಕಾಲಕ್ಕೆ ಅದು ಸರಿಯೇ. ಆಗ ಲೋಕದ ತಳ ಸೊನ್ನೆಯಲ್ಲಿತ್ತು, ಲಾವಾ ಹತ್ತರವರೆಗೆ ತುಂಬಿರುತ್ತಿತ್ತು, ಅದರ ತುಸು ಮೇಲೆ ಅಗೆಯುವುದು ಜಾಣತನ. 2021ರ ನವೆಂಬರ್‌ನಲ್ಲಿ ಆಟದ 1.18ನೇ ಆವೃತ್ತಿ ಬಂತು. ತಳ ಮೈನಸ್ 64ಕ್ಕೆ ಇಳಿಯಿತು, ವಜ್ರವೂ ಅದರ ಹಿಂದೆಯೇ ಇಳಿಯಿತು. ಈಗ ಅಗೆಯಬೇಕಾದದ್ದು ಮೈನಸ್ 59ರ ಆಸುಪಾಸು. ಹಳೆಯ ವಿಡಿಯೊಗಳು ಮಾತ್ರ ಹನ್ನೊಂದರಲ್ಲೇ ನಿಂತಿವೆ. ಅವನ್ನು ನಂಬಿ ಒಂದಿಡೀ ಸಂಜೆ ಕಲ್ಲು ಒಡೆದ ಹುಡುಗಿ, ತನಗೇ ಆಟ ಬರುವುದಿಲ್ಲ ಎಂದುಕೊಳ್ಳುತ್ತಾಳೆ.

ಆಟ ಬಲ್ಲ ನಿಮಗಿದು ಗೊತ್ತಿತ್ತು. ಹೇಳಿಯೂ ಹೇಳಿದಿರಿ. ಎಲ್ಲಿ? ಡಿಸ್ಕಾರ್ಡ್ ಎಂಬ ಹರಟೆ ತಾಣದ ಒಂದು ಮೂಲೆಯಲ್ಲಿ, ನಡುರಾತ್ರಿ, ಕೇಳಿದ ಒಬ್ಬನಿಗೆ. ಬೆಳಗಾಗುವಷ್ಟರಲ್ಲಿ ಆ ಮಾತು ಮೀಮ್‌ಗಳಡಿ ಹೂತುಹೋಯಿತು. ಹೊರಗಿನವರು ಗೂಗಲ್‌ನಲ್ಲಿ ಎಷ್ಟು ತಡಕಿದರೂ ಅದು ಕೈಗೆ ಸಿಗದು. ಮರುದಿನ ಇನ್ನೊಬ್ಬ ಅದನ್ನೇ ಕೇಳಿದರೆ, 'ಮೊದಲು ಹುಡುಕಿ ನೋಡು' ಎಂದು ನಗುತ್ತೀರಿ. ಹುಡುಕಿದರೆ ಸಿಗುವ ಕಡೆ ಇಟ್ಟಿದ್ದೀರಾ, ಸ್ವಾಮಿ?

ನೀವು ಕಲಿತದ್ದಾದರೂ ಹೇಗೆ? ಗುದ್ದಲಿ ಮಾಡುವ ಬಗೆಯನ್ನೂ ಈ ಆಟ ಮೊದಮೊದಲು ಹೇಳಿಕೊಡುತ್ತಿರಲಿಲ್ಲ. ಕಂಪ್ಯೂಟರಿನ ಜಾವಾ ಆವೃತ್ತಿಯೊಳಗೆ ಅದಕ್ಕೊಂದು ಪುಸ್ತಕ ಬಂದದ್ದೇ 2017ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನರಿಗೆ ದಾರಿ ತೋರಿಸಿದ್ದು 2009ರಲ್ಲಿ ಶುರುವಾದ, ಓದುಗರೇ ಬರೆದು ತಿದ್ದುವ ಮೈನ್‌ಕ್ರಾಫ್ಟ್ ವಿಕಿ. ಬರೆದವರಿಗೆ ಸಂಬಳವಿಲ್ಲ, ಅವರ ಮುಖ ನೀವು ನೋಡಿಲ್ಲ. 2023ರಲ್ಲಿ ಜಾಹೀರಾತುಗಳ ಕಾಟಕ್ಕೆ ರೋಸಿ, ಆ ಸಂಪಾದಕರು ವಿಕಿಗೆ ಜಾಗ ಕೊಟ್ಟಿದ್ದ ಫ್ಯಾಂಡಮ್ ತಾಣವನ್ನು ಬಿಟ್ಟು ಸ್ವಂತ ವಿಳಾಸಕ್ಕೆ ಹೊರಟರು. ಹಂಚಿಕೊಳ್ಳಲು ಬಿಡುವ ಪರವಾನಗಿಯಡಿ ಬರೆದಿದ್ದರಿಂದ ಅಷ್ಟೂ ಪುಟಗಳನ್ನು ಜೊತೆಗೆ ಒಯ್ಯಲಾಯಿತು. ಡಿಸ್ಕಾರ್ಡ್‌ನಲ್ಲಿ ನೀವು ಆಡಿದ ಮಾತನ್ನು ಯಾರು ಹೊತ್ತೊಯ್ಯುತ್ತಾರೆ?

ವಿಡಿಯೊ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ (ಒಂದು ಸಂಖ್ಯೆ ಹೇಳಲು ಹತ್ತು ನಿಮಿಷ ಎಳೆಯುವವರ ಮೇಲೆ ಸ್ವಲ್ಪ ಇದೆ). ಆದರೆ ವಿಡಿಯೊದ ತಪ್ಪನ್ನು ನೋಡುಗ ತಿದ್ದಲಾರ. ಆಟದೊಳಗೆ ವಿದ್ಯುತ್ತಿನಂತೆ ಕೆಲಸ ಮಾಡುವ ರೆಡ್‌ಸ್ಟೋನ್‌ನ ಯಂತ್ರಗಳನ್ನೇ ನೋಡಿ. ಜಾವಾದಲ್ಲಿ, ಬ್ಲಾಕುಗಳನ್ನು ತಳ್ಳುವ ಪಿಸ್ಟನ್‌ನ ನೆತ್ತಿಯ ಮೇಲಿನ ಖಾಲಿ ಜಾಗಕ್ಕೆ ಶಕ್ತಿ ಮುಟ್ಟುವಂತಿದ್ದರೂ ಪಿಸ್ಟನ್ ಚಾಚಿಕೊಳ್ಳುತ್ತದೆ. ಬೆಡ್‌ರಾಕ್ ಆವೃತ್ತಿಯಲ್ಲಿ ಅದು ನಡೆಯದು. ಮೊಬೈಲಿನಲ್ಲಿರುವುದು ಬೆಡ್‌ರಾಕ್. ಜಾವಾದ ಪಿಸ್ಟನ್ ಬಾಗಿಲನ್ನು ವಿಡಿಯೊ ನೋಡಿ ಮೊಬೈಲಿನಲ್ಲಿ ಬ್ಲಾಕಿಗೆ ಬ್ಲಾಕ್ ಜೋಡಿಸಿಕೊಂಡ ಹುಡುಗ, ಅದು ತೆರೆಯದಿದ್ದಾಗ ಮತ್ತೆ ಕೆಡವಿ ಕಟ್ಟುತ್ತಾನೆ. ತಪ್ಪು ತನ್ನದಲ್ಲ ಎಂದು ಅವನಿಗೆ ತಿಳಿಯಲು ಒಂದೇ ಸಾಲು ಸಾಕಿತ್ತು.

ಆ ಸಾಲು ಕನ್ನಡದಲ್ಲೇ ಇರಬಹುದಲ್ಲ? ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸ್ವಯಂಸೇವಕರು ಕೂತು ಮಾಡಿದ ಕೆಲಸ ಅದು. ಮೆನುವನ್ನು ಕನ್ನಡಕ್ಕೆ ತರಲು ಅವರು ಪುರುಸೊತ್ತು ಮಾಡಿಕೊಂಡರು. ಪಿಸ್ಟನ್ ಯಾಕೆ ಅಲುಗಲಿಲ್ಲ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ನಮಗೇನು ಧಾಡಿ? ಇಂಗ್ಲಿಷ್ ಪುಟ ಓದಿ ಅರ್ಥ ಮಾಡಿಕೊಂಡ ಅಕ್ಕ ಅಣ್ಣಂದಿರೇ, ಇದು ನೇರವಾಗಿ ನಿಮಗೇ ಹೇಳುವ ಮಾತು.

ಮಹಾಪ್ರಬಂಧ ಯಾರೂ ಕೇಳುತ್ತಿಲ್ಲ. ಯಾವ ಆವೃತ್ತಿ, ಜಾವಾವೋ ಬೆಡ್‌ರಾಕೋ, ನೀವೇ ಆಡಿ ನೋಡಿದ್ದೋ ಯಾರೋ ಹೇಳಿದ್ದೋ ಎಂಬುದನ್ನು ನಮೂದಿಸಿ. ಹೊಸಬರು ತಪ್ಪಾಗಿ ತಿದ್ದಿದರೆ ಸುಮ್ಮನೆ ಅಳಿಸಿಹಾಕಬೇಡಿ. ಯಾಕೆ ತಪ್ಪು ಎಂದು ಹೇಳಿ, ಇಲ್ಲದಿದ್ದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮುಂದಿನ ಸಲ ಯಾರಾದರೂ ಗೊತ್ತಿದ್ದದ್ದನ್ನೇ ಕೇಳಿದರೆ, ಉತ್ತರವನ್ನು ಮೊದಲು ವಿಕಿ ಪುಟಕ್ಕೆ ಹಾಕಿ, ಆಮೇಲೆ ಅವರಿಗೆ ಲಿಂಕ್ ಕಳಿಸಿ.