ಮದ್ದಿನ ಪೆಟ್ಟಿಗೆ ಮುಚ್ಚಿದ ಮೇಲೆ

ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರು ಎರಡು ವರ್ಷಕ್ಕೂ ಮೇಲೆ ಒಂದು ಮದ್ದಿನ ಪೆಟ್ಟಿಗೆ ನಡೆಸಿದೆವು. ಈಗ ಅದನ್ನು ಮುಚ್ಚಿದ್ದೇವೆ. ಯಾಕೆ ಮುಚ್ಚಿದಿರಿ ಎಂದು ಸಭೆಯ ಒಳಗೂ ಹೊರಗೂ ಹಲವರು ಕೇಳಿದರು, ಕೆಲವರು ಬೇಸರವನ್ನೂ ಪಟ್ಟುಕೊಂಡರು. ಆ ಪೆಟ್ಟಿಗೆಯಿಂದ ಮಾತ್ರೆ ತೆಗೆದುಕೊಂಡವರಲ್ಲಿ ನಮ್ಮ ಸಭೆಗೆ ಸೇರದ ಕನ್ನಡಿಗರೇ ಹೆಚ್ಚು. ಹಾಗಾಗಿ ಉತ್ತರವನ್ನೂ ಕನ್ನಡ ಕೂಟದ ಈ ವಾರ್ಷಿಕ ಸಂಚಿಕೆಯಲ್ಲೇ ಕೊಡುವುದು ಸರಿ ಎನಿಸಿತು.

ಚರ್ಚಿನ ಒಳವ್ಯವಹಾರ ತಿಳಿಯದ ಓದುಗರಿಗಾಗಿ ಎರಡು ಮಾತು. ಊರಿನ ಸಿ.ಎಸ್.ಐ. ಸಭೆಗಳಲ್ಲಿ ಹೆಂಗಸರದ್ದೇ ಒಂದು ಕೂಟ ಇರುತ್ತದೆ. ಸ್ತ್ರೀಯರ ಅನ್ಯೋನ್ಯ ಕೂಟ ಎಂದು ಹೆಸರು, ಬಾಯಲ್ಲಿ ಮಾತ್ರ ‘ವುಮೆನ್ಸ್ ಫೆಲೋಶಿಪ್’. ವಾರಕ್ಕೊಮ್ಮೆ ಪ್ರಾರ್ಥನೆ, ವೇದಪಾಠ, ಕಾಯಿಲೆ ಬಿದ್ದವರ ಮನೆಗೆ ಭೇಟಿ, ಬೆಳೆ ಹಬ್ಬದ ಅಡುಗೆ ಮತ್ತು ಏಲಂ, ಮಾರ್ಚಿನ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಉಡುಪಿ ಕಡೆಯಿಂದ ಬಂದ ನಾವು ಅಮ್ಮಂದಿರ ಸೆರಗು ಹಿಡಿದು ಈ ಕೂಟಗಳಿಗೆ ಹೋಗಿ ಬೆಳೆದವರು. ಕುವೈತಿಗೆ ಬಂದ ಮೇಲೂ ಅದೇ ಕ್ರಮ ಇಟ್ಟುಕೊಂಡೆವು. ಇಲ್ಲಿ ಶುಕ್ರವಾರವೇ ರಜೆ, ಆರಾಧನೆಯೂ ಅಂದೇ. ನರ್ಸುಗಳು, ಟೀಚರುಗಳು, ಆಫೀಸಿನವರು, ಮನೆಯಲ್ಲಿರುವವರು ಎಲ್ಲ ಸೇರಿ ಮೂವತ್ತು ಜನ ಇದ್ದೇವೆ.

ಪೆಟ್ಟಿಗೆ ಶುರುವಾದದ್ದು ಒಳ್ಳೆಯ ಮನಸ್ಸಿನಿಂದಲೇ. 2022ರ ಡಿಸೆಂಬರಿನಲ್ಲಿ ಇಲ್ಲಿನ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ವಲಸಿಗರ ಔಷಧಿಗೆ 5 ದಿನಾರ್ ಶುಲ್ಕ ಬಂತು. 80 ದಿನಾರ್ ಸಂಬಳದಲ್ಲಿ ಊರಿಗೆ 60 ಕಳಿಸುವವನಿಗೆ 5 ದಿನಾರ್ ಎಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಕಡೆ ನಮ್ಮೆಲ್ಲರ ಮನೆಯ ಫ್ರಿಜ್ಜಿನ ಮೇಲೆ, ಡ್ರಾಯರಿನಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿಗಳು. ಊರಿಗೆ ಹೋದಾಗ ಆರು ತಿಂಗಳಿಗಾಗುವಷ್ಟು ತಂದು, ಡಾಕ್ಟರು ಮದ್ದು ಬದಲಾಯಿಸಿದ ಮೇಲೆ ಉಳಿದದ್ದು. ಬಿಸಾಡುವ ಬದಲು ಇಲ್ಲದವರಿಗೆ ಕೊಡೋಣ ಎಂದು ಒಬ್ಬ ಅಕ್ಕ ಹೇಳಿದರು, ಎಲ್ಲರೂ ಹೂಂ ಎಂದೆವು. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಾವೂ ಹೂಂ ಎಂದೆವು. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ನಾವು ಓದಿದ್ದು ಎರಡು ವರ್ಷದ ಡಿ. ಫಾರ್ಮಾ. ಕೌಂಟರಿನಲ್ಲಿ ನಮ್ಮ ಪಕ್ಕ ನಿಲ್ಲುವ ಈಜಿಪ್ಟಿನವರು ಐದು ವರ್ಷ ಓದಿದವರು. ಆದರೂ ಹೆಸರು ಕಾಣದ ಮಾತ್ರೆಯನ್ನು ಯಾರ ಕೈಗೂ ಕೊಡಬಾರದು ಎಂಬುದನ್ನು ನಮಗೂ ಮೊದಲ ತಿಂಗಳಲ್ಲೇ ಕಲಿಸಿದ್ದರು.

ನಾವಿದ್ದ ಶುಕ್ರವಾರಗಳಲ್ಲಿ ಪೆಟ್ಟಿಗೆಯನ್ನು ನೋಡಿ, ಅವಧಿ ಮುಗಿದದ್ದನ್ನು ತೆಗೆದು, ಬೇರೆ ಬೇರೆ ಮಾಡಿ ಇಡುತ್ತಿದ್ದೆವು. ಡ್ಯೂಟಿ ಇದ್ದ ಶುಕ್ರವಾರಗಳಲ್ಲಿ ಯಾರಿಗೆ ಪುರುಸೊತ್ತೋ ಅವರು ಕೊಡುತ್ತಿದ್ದರು. ತಿಂಗಳಿಗೆ ಎರಡು ಶುಕ್ರವಾರ ನಮಗೆ ಡ್ಯೂಟಿ ಬರುತ್ತದೆ.

ಒಮ್ಮೆ ಯಾರೋ ಕೊಟ್ಟ ಚೀಲದ ತಳದಲ್ಲಿ ಟ್ರಮಡಾಲ್ ಸಿಕ್ಕಿತು. ಊರಲ್ಲಿ ಸೊಂಟನೋವಿಗೆ ಬರೆದುಕೊಟ್ಟದ್ದಿರಬೇಕು. ಟ್ರಮಡಾಲ್, ಪ್ರಿಗ್ಯಾಬಲಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್ ಇವೆಲ್ಲ ಕೊಲ್ಲಿಯ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಮದ್ದುಗಳು. ಚೀಟಿ ಇಲ್ಲದೆ ಇಟ್ಟುಕೊಂಡರೆ ಜೈಲು. ಪಾರ್ಸೆಲ್ ಎಂದು ಯಾರೋ ಕೊಟ್ಟ ಮಾತ್ರೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಕಥೆ ನಮಗೆಲ್ಲ ಗೊತ್ತು. ನಾವು ಅದೇ ಮದ್ದನ್ನು ಪ್ರಾರ್ಥನೆ ಮಾಡುವ ಜಾಗದಲ್ಲಿ ಇಟ್ಟುಕೊಂಡಿದ್ದೆವು! ಅಂದೇ ಎಚ್ಚರಾಗಬೇಕಿತ್ತು. ಆ ಮಾತ್ರೆಯೊಂದನ್ನು ನಾಶ ಮಾಡಿ ಸುಮ್ಮನಾದೆವು. ಬೇಸಿಗೆಯ ಮಾತಂತೂ ಬೇಡ. ಹೆಚ್ಚಿನ ಮಾತ್ರೆಗಳನ್ನು 25 ಅಥವಾ 30 ಡಿಗ್ರಿಯ ಒಳಗೆ ಇಡಬೇಕು. ಇಲ್ಲಿ ಹೊರಗೆ 50 ದಾಟುತ್ತದೆ, ನಾವು ಚೀಲಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿ ತರುತ್ತಿದ್ದೆವು.

2025ರ ಮಾರ್ಚ್, ರಂಜಾನ್ ತಿಂಗಳು. ಚಿಕ್ಕಮಗಳೂರು ಕಡೆಯ ಒಬ್ಬ ತಂಗಿ, ಮನೆಗೆಲಸದ ವೀಸಾದಲ್ಲಿರುವವಳು, ಶುಗರಿನ ಮಾತ್ರೆ ಮುಗಿಯಿತೆಂದು ಬಂದಿದ್ದಳು. ಊರಿಂದ ತಂದಿದ್ದದ್ದು ಮೆಟ್‌ಫಾರ್ಮಿನ್. ಖಾಲಿ ಪಟ್ಟಿಯನ್ನೂ ತಂದಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ, ‘ಬಿಳಿ ಮಾತ್ರೆ, ಶುಗರಿದ್ದು’ ಎಂದಳಂತೆ. ಪೆಟ್ಟಿಗೆಯಲ್ಲಿ ಕತ್ತರಿಯಿಂದ ಕತ್ತರಿಸಿದ ಪಟ್ಟಿಗಳಿದ್ದ ಒಂದು ಪೊಟ್ಟಣ. ಅದರ ಮೇಲೆ ನಮ್ಮವರೇ ಯಾರೋ ಕನ್ನಡದಲ್ಲಿ ‘ಸಕ್ಕರೆ ಕಾಯಿಲೆ’ ಎಂದು ಬರೆದಿದ್ದರು. ಒಳಗೆ ಇದ್ದದ್ದು ಗ್ಲಿಮೆಪಿರೈಡ್. ಎರಡೂ ಶುಗರಿನ ಮದ್ದೇ. ಆದರೆ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡವರಿಗೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಹಾಗೆ ಇಳಿಯುವ ಸಂಭವ ಹೆಚ್ಚು. ಆ ಮನೆಯಲ್ಲಿ ಹಗಲು ಒಲೆ ಹಚ್ಚುವುದು ಸಂಜೆಯ ಇಫ್ತಾರಿಗೆ ಮಾತ್ರ. ಇವಳಿಗೆ ಉಪವಾಸ ಮಾಡೆಂದು ಯಾರೂ ಹೇಳಿರಲಿಲ್ಲ. ಎಲ್ಲರೂ ಹಸಿದಿರುವಾಗ ತಾನೊಬ್ಬಳೇ ತಿನ್ನುವುದು ಹೇಗೆ ಎಂದು ತಾನಾಗಿ ಬಿಟ್ಟಿದ್ದಳು. ಬೆಳಿಗ್ಗೆ ಮಾತ್ರೆ ನುಂಗಿದಳು, ಮಧ್ಯಾಹ್ನ ಅಡುಗೆಮನೆಯಲ್ಲಿ ಬಿದ್ದಳು.

ಆ ಮನೆಯ ಮಾಮಾ ಆಂಬುಲೆನ್ಸ್ ಕರೆಸಿ, ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಗ್ಲೂಕೋಸ್ ಏರಿಸಿದಾಗ ಹುಡುಗಿಗೆ ಎಚ್ಚರವಾಯಿತು. ಆದರೆ ಈ ಮದ್ದಿನ ಸ್ವಭಾವ ಏನೆಂದರೆ ಸಕ್ಕರೆ ಏರಿದಂತೆ ಕಂಡು ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯುತ್ತದೆ. ಯಾವ ಮದ್ದೆಂದು ಗೊತ್ತಿದ್ದರೆ ಡಾಕ್ಟರು ಮನೆಗೆ ಕಳಿಸದೆ ಇರಿಸಿಕೊಳ್ಳುತ್ತಾರೆ. ಪೊಟ್ಟಣದ ಮೇಲಿನ ಕನ್ನಡ ಅಲ್ಲಿ ಯಾರಿಗೂ ಓದಲು ಬರಲಿಲ್ಲ. ಒಬ್ಬ ಮಲಯಾಳಿ ನರ್ಸು ಫೋಟೋ ತೆಗೆದು ತನಗೆ ಗೊತ್ತಿದ್ದ ಮಂಗಳೂರಿನವರಿಗೆ ಕಳಿಸಿದಳು. ಅದು ಫೋನಿನಿಂದ ಫೋನಿಗೆ ಸಾಗಿ ಡ್ಯೂಟಿಯಲ್ಲಿದ್ದ ನಮ್ಮ ಫೋನಿಗೆ ಬಂತು. ಅಕ್ಷರ ನೋಡಿದ ಕೂಡಲೇ ಯಾರ ಪೊಟ್ಟಣ ಎಂದು ತಿಳಿಯಿತು. ಮಾತ್ರೆಯ ಹೆಸರು ಹೇಳಲು ಫೋನ್ ಹಚ್ಚುವಾಗ ಕೈ ನಡುಗುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಡುಗಿ ಸುಖವಾಗಿ ಹೊರಬಂದಳು. ನಮ್ಮನ್ನು ನೋಡಿ, ‘ಅಕ್ಕಾ, ನಿಮಗೆ ತೊಂದರೆ ಕೊಟ್ಟೆ’ ಎಂದಳು.

ಮರು ಶುಕ್ರವಾರ ಕೂಟದಲ್ಲಿ ದೊಡ್ಡ ಚರ್ಚೆ. ಒಂದು ತಪ್ಪಾಯಿತೆಂದು ನೂರು ಜನರಿಗೆ ಆಗುತ್ತಿದ್ದ ಉಪಕಾರ ನಿಲ್ಲಿಸುವುದೇ ಎಂದು ಕೇಳಿದವರಿದ್ದರು. ಅದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಪೆಟ್ಟಿಗೆ ಇಲ್ಲದಿದ್ದರೆ ಆ ಹುಡುಗಿ ಮಾತ್ರೆಯೇ ಇಲ್ಲದೆ ತಿಂಗಳು ದೂಡುತ್ತಿದ್ದಳೇನೋ. ಆದರೆ ನಾವು ಇಷ್ಟು ಹೇಳಿದೆವು: ಎರಡು ವರ್ಷದಲ್ಲಿ ನಾವು ಕೊಟ್ಟ ಮಾತ್ರೆಗಳ ಲೆಕ್ಕ ಇದೆ, ತೆಗೆದುಕೊಂಡವರಲ್ಲಿ ಹತ್ತು ಜನರ ಹೆಸರೂ ನಮಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಡ್ರಾಯರು ಖಾಲಿಯಾಯಿತು, ಸೇವೆ ಮಾಡಿದ ತೃಪ್ತಿಯೂ ಸಿಕ್ಕಿತು. ವಾರ್ಷಿಕ ವರದಿಯಲ್ಲಿ ಫೋಟೋ ಸಮೇತ ಬಂತು.

ಇದೇ ಕುವೈತಿನಲ್ಲಿ 1912ರಲ್ಲಿ ಅಮೆರಿಕನ್ ಮಿಶನ್ನಿನ ಡಾ. ಎಲೀನರ್ ಕ್ಯಾಲ್ವರ್ಲಿ ಕೆಲಸ ಶುರು ಮಾಡಿದರು. ಈ ನಾಡಿನ ಮೊದಲ ಮಹಿಳಾ ಡಾಕ್ಟರು. ಇಲ್ಲಿನ ಹೆಂಗಸರು ಅವರನ್ನು ಖಾತೂನ್ ಹಲೀಮಾ ಎಂದು ಕರೆಯುತ್ತಿದ್ದರು. ಅರಬ್ಬಿ ಕಲಿತು ಮನೆಮನೆಗೆ ಹೋದವರು. ಆ ಮಿಶನ್ ಆಸ್ಪತ್ರೆ 1967ರಲ್ಲಿ ಮುಚ್ಚಿತು, ಕಡಲ ಬದಿಯ ಕಟ್ಟಡ ಈಗ ‘ಅಮ್ರಿಕಾನಿ’ ಎಂಬ ಹೆಸರಿನ ಸಾಂಸ್ಕೃತಿಕ ಕೇಂದ್ರ. ಶುಕ್ರವಾರ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವವರು ಅದರ ಮುಂದೆಯೇ ಹಾದುಹೋಗುತ್ತೀರಿ. ನಮ್ಮ ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ಡಾಕ್ಟರ್ ಈವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆಗೆ ಜನ ಇಂದಿಗೂ ಮಿಶನ್ ಆಸ್ಪತ್ರೆ ಎನ್ನುತ್ತಾರೆ. ಅಂಥವರ ಹೆಸರನ್ನು ವಾರ್ಷಿಕೋತ್ಸವದಲ್ಲಿ ಎತ್ತಿ ಹೇಳುವ ನಾವು, ರೋಗಿಯ ಹೆಸರನ್ನೂ ಕೇಳದೆ ಮಾತ್ರೆ ಹಂಚುತ್ತಿದ್ದೆವು.

ಸ್ತ್ರೀಯರ ಕೂಟಗಳಲ್ಲಿ ಇನ್ನೊಂದು ಹಳೆಯ ಪದ್ಧತಿ ಇದೆ, ‘ಲೀಸ್ಟ್ ಕಾಯಿನ್’ ಕಾಣಿಕೆ. 1956ರಲ್ಲಿ ಶಾಂತಿ ಸೊಲೊಮನ್ ಎಂಬ ನಮ್ಮ ದೇಶದ ಹೆಣ್ಣುಮಗಳು ಹಲವು ದೇಶಗಳ ಕ್ರೈಸ್ತ ಸ್ತ್ರೀಯರ ಜೊತೆ ಏಷ್ಯಾದ ಪ್ರವಾಸ ಹೊರಟಿದ್ದರು. ಕೊರಿಯಾಕ್ಕೆ ಅವರಿಗೆ ವೀಸಾ ಸಿಗಲಿಲ್ಲ. ಜೊತೆಯವರು ಹೋದರು, ಇವರು ಮನಿಲಾದಲ್ಲಿ ಉಳಿದರು. ವೀಸಾ ಇಲ್ಲದೆ ಹಿಂದೆ ಉಳಿಯುವುದು ಏನೆಂದು ಕೊಲ್ಲಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕೇ? ಗಡಿ ದಾಟಲು ಪ್ರಾರ್ಥನೆಗೆ ವೀಸಾ ಬೇಡವಲ್ಲ ಎಂದು ಯೋಚಿಸಿದ ಅವರು, ಬೇರೊಬ್ಬರಿಗಾಗಿ ಪ್ರಾರ್ಥಿಸಿದಾಗಲೆಲ್ಲ ತಮ್ಮ ದೇಶದ ಅತಿ ಚಿಕ್ಕ ನಾಣ್ಯವೊಂದನ್ನು ಎತ್ತಿಡುವ ಪದ್ಧತಿ ತಂದರು. ಮನೆ ಒಡತಿಗೂ ಮನೆಗೆಲಸದವಳಿಗೂ ಒಂದೇ ನಾಣ್ಯ. ಕುವೈತಿನಲ್ಲಿ ಅದು 5 ಫಿಲ್ಸ್. ಬಕಾಲದಲ್ಲಿ ಚಿಲ್ಲರೆ ಎಂದು ಕೊಟ್ಟರೆ ಯಾರೂ ಎಣಿಸಿ ನೋಡದ ನಾಣ್ಯ. ನಾಣ್ಯ ಚಿಕ್ಕದಾದರೂ, ಅದನ್ನು ಎತ್ತಿಡುವಾಗ ಯಾರಿಗಾಗಿ ಎಂಬ ಹೆಸರು ಮನಸ್ಸಿನಲ್ಲಿ ಇರಲೇಬೇಕು. ನಮ್ಮ ಪೆಟ್ಟಿಗೆಯಲ್ಲಿ ಇಲ್ಲದ್ದು ಅದೇ.

ಹಾಗಾಗಿ ಪೆಟ್ಟಿಗೆ ಮುಚ್ಚಿ ಒಂದು ನೋಟ್‌ಬುಕ್ ತೆರೆದಿದ್ದೇವೆ. ಯಾರಿಗೆ ಮದ್ದು ಬೇಕೋ ಅವರ ಹೆಸರು, ಕಾಯಿಲೆ, ತೆಗೆದುಕೊಳ್ಳುವ ಮದ್ದಿನ ಮೂಲ ಹೆಸರು (ಕಂಪನಿಯ ಹೆಸರು ಊರಲ್ಲಿ ಒಂದು, ಇಲ್ಲಿ ಇನ್ನೊಂದು), ಕೆಲಸದ ಹೊತ್ತು, ಊಟದ ಹೊತ್ತು. ಊಟದ ಹೊತ್ತನ್ನು ತಪ್ಪದೆ ಕೇಳುತ್ತೇವೆ. ನೋಟ್‌ಬುಕ್ ಇಬ್ಬರ ಕೈಯಲ್ಲಿ ಮಾತ್ರ ಇರುತ್ತದೆ, ಬೇರೆಯವರು ತೆರೆಯುವಂತಿಲ್ಲ. ಕೂಟದವರು ಒಬ್ಬರು ಅವರ ಜೊತೆ ಕ್ಲಿನಿಕ್ಕಿಗೆ ಹೋಗುತ್ತೇವೆ. ಶುಲ್ಕ ಕಟ್ಟಲಾಗದಿದ್ದರೆ ಜೊತೆಗೆ ಹೋದವರೇ ಕೈಯಿಂದ ಕಟ್ಟುತ್ತೇವೆ. ಹೊರಗೆ ಚಂದಾ ಎತ್ತುವುದಿಲ್ಲ, ಇಲ್ಲಿ ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದು ಅಪರಾಧ. ಡಬ್ಬಿಯ ಮೇಲಿನ ಅರಬ್ಬಿ, ಇಂಗ್ಲಿಷ್ ಚೀಟಿಯ ಪಕ್ಕ ಕನ್ನಡದಲ್ಲಿ ‘ಬೆಳಿಗ್ಗೆ ತಿಂಡಿ ತಿಂದ ಮೇಲೆ ಒಂದು’ ಎಂದು ಬರೆದು ಅಂಟಿಸುತ್ತೇವೆ. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ.

ಮನೆಗೆಲಸದವರನ್ನು ಕರೆದುಕೊಂಡು ಹೋಗುವುದೇ ಕಷ್ಟ. ಕುವೈತಿನ 2015ರ 68ನೇ ಕಾನೂನಿನ ಪ್ರಕಾರ ಅವರಿಗೂ ವಾರಕ್ಕೊಂದು ದಿನ ರಜೆ ಇದೆ. ಕಾಗದದಲ್ಲಿ ಇದ್ದದ್ದು ಎಷ್ಟೋ ಮನೆಗಳಲ್ಲಿ ಇಲ್ಲ. ಅಂಥವರ ಮಾಮಾ ಜೊತೆ ನಾವೇ ಫೋನಿನಲ್ಲಿ ಮಾತಾಡುತ್ತೇವೆ. ಹೆಂಗಸರು ಹೆಂಗಸರ ಜೊತೆ ಮಾತಾಡಿದರೆ ಹೆಚ್ಚಿನ ಸಲ ಕೆಲಸ ಆಗುತ್ತದೆ. ಚಿಕ್ಕಮಗಳೂರಿನ ಹುಡುಗಿಯ ಮಾಮಾ ಈಗ ತಾನೇ ಡ್ರೈವರ್ ಕೊಟ್ಟು ಕಳಿಸುತ್ತಾರೆ.

ಇದರಿಂದ ಕೂಟದ ಕೆಲಸ ಕಾಣುವುದು ಕಡಿಮೆಯಾಗಿದೆ. ಪೆಟ್ಟಿಗೆ ಇದ್ದಾಗ ಒಂದು ಶುಕ್ರವಾರ ಇಪ್ಪತ್ತು ಜನ ಬರುತ್ತಿದ್ದರು, ಈಗ ತಿಂಗಳಿಗೆ ನಾಲ್ಕು ಜನರ ಜೊತೆ ಹೋದರೆ ಹೆಚ್ಚು. ‘ಸ್ತ್ರೀಯರ ಕೂಟದವರು ಈ ವರ್ಷ ಏನೂ ಮಾಡಿಲ್ಲವಲ್ಲ’ ಎಂದು ಸಭೆಯ ಸಮಿತಿಯಲ್ಲಿ ಒಬ್ಬರು ಹೇಳಿದರಂತೆ. ಬೆಳೆ ಹಬ್ಬಕ್ಕೆ ಮುನ್ನೂರು ಜನರಿಗೆ ಕೋಳಿ ಸುಕ್ಕ ಮಾಡಿ ಬಡಿಸಿದ್ದು ಅವರ ಲೆಕ್ಕಕ್ಕೆ ಬಂದಂತಿಲ್ಲ, ತಿಂದದ್ದು ನಮಗೆ ನೆನಪಿದೆ. ಕೂಟದ ಒಳಗೂ ಎಲ್ಲರಿಗೂ ಸಮಾಧಾನ ಇಲ್ಲ. ಪೆಟ್ಟಿಗೆಯ ಯೋಚನೆ ತಂದ ಅಕ್ಕ ಮೂರು ತಿಂಗಳು ಕೂಟಕ್ಕೆ ಬರಲಿಲ್ಲ. ತಮ್ಮನ್ನೇ ತಪ್ಪುಗಾರಳನ್ನಾಗಿ ಮಾಡಿದೆವೆಂದು ಅವರಿಗೆ ಅನಿಸಿತ್ತು. ಅವರ ಮನೆಗೆ ಹೋಗಿ, ಒಪ್ಪಿದ್ದು ನಾವೂ ಅಲ್ಲವೇ ಎಂದು ಹೇಳಿ ಬಂದೆವು. ಈಗ ಸಾಲ್ಮಿಯಾದ ಕಡೆಯವರ ಜೊತೆ ಕ್ಲಿನಿಕ್ಕಿಗೆ ಹೋಗುವುದು ಅವರೇ.

2024ರ ಜೂನ್ 12ರಂದು ಮಂಗಾಫಿನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜಾತಿ, ಧರ್ಮ, ಭಾಷೆ ನೋಡದೆ ಎಲ್ಲರೂ ಓಡಿದೆವು. ಬೆಂಕಿ ಬಿದ್ದಾಗ ಓಡುವುದಕ್ಕೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿ.ಪಿ., ಶುಗರ್, ಥೈರಾಯ್ಡಿಗೆ ಹೊಗೆ ಇಲ್ಲ, ಸದ್ದಿಲ್ಲ. ಅದಕ್ಕೆ ಒಂದು ದಿನದ ಓಟ ಸಾಲದು, ತಿಂಗಳು ತಿಂಗಳು ಹೋಗಬೇಕು. ಮೂವತ್ತು ಹೆಂಗಸರಿಂದ, ಅದರಲ್ಲೂ ಅರ್ಧ ಜನ ಶಿಫ್ಟ್ ಡ್ಯೂಟಿಯವರು, ಇದು ಆಗುವ ಕೆಲಸವಲ್ಲ. ಇದಕ್ಕೆ ನಮ್ಮ ಸಭೆಯವರೇ ಆಗಬೇಕೆಂದೂ ಇಲ್ಲ. ಕ್ಲಿನಿಕ್ಕಿನ ಬಾಗಿಲಲ್ಲಿ ಯಾರೂ ಪ್ರಾರ್ಥನೆ ಹೇಳಿಸುವುದಿಲ್ಲ. ಭಟ್ಕಳದ ಅಕ್ಕಂದಿರಿಗೆ ನಮಗಿಂತ ಚೆನ್ನಾಗಿ ಅರಬ್ಬಿ ಬರುತ್ತದೆ, ಉತ್ತರ ಕರ್ನಾಟಕದ ನರ್ಸುಗಳು ಪ್ರತಿ ಆಸ್ಪತ್ರೆಯಲ್ಲೂ ಇದ್ದಾರೆ. ಕನ್ನಡ ಕೂಟದ ಮಹಿಳಾ ವಿಭಾಗದವರು ಏರಿಯಾಕ್ಕೊಬ್ಬರಂತೆ ಹೆಸರು ಕೊಟ್ಟರೆ ಸಾಕು, ತಿಂಗಳಿಗೆ ಒಂದು ಸಲ, ಎರಡು ಗಂಟೆ.

ಮನೆಯಲ್ಲಿ ಉಳಿದ ಮಾತ್ರೆಗಳನ್ನು ದಯವಿಟ್ಟು ನಮಗೆ ಕಳಿಸಬೇಡಿ. ಹತ್ತಿರದ ಫಾರ್ಮಸಿಯಲ್ಲಿ ಕೇಳಿ, ಅವರು ಹೇಳಿದಂತೆ ಮಾಡಿ. ಅಬ್ಬಾಸಿಯಾ, ಸಾಲ್ಮಿಯಾ, ಫಾಹಾಹೀಲ್, ಮಂಗಾಫ್ ಕಡೆ ಈಗ ನಮ್ಮವರು ಒಬ್ಬೊಬ್ಬರು ಇದ್ದಾರೆ. ಫರ್ವಾನಿಯಾದವರು ಬೇಸಿಗೆಯಲ್ಲಿ ಊರಿಗೆ ಹೋಗುತ್ತಾರೆ, ಆ ಎರಡು ತಿಂಗಳಿಗೆ ಯಾರಾದರೂ ಬೇಕು. ಜಹ್ರಾ ಕಡೆ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿಂದ ಇಬ್ಬರ ಹೆಸರು ನೋಟ್‌ಬುಕ್ಕಿನಲ್ಲಿ ಬಂದು ಕೂತಿದೆ.