ಮುಳ್ಳು ಅಲ್ಲಾಡಿದರೆ ಸಾಲದು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಮನೆಗಳ ಬೀರುವಿನಲ್ಲಿ ಅಜ್ಜನೋ ಚಿಕ್ಕಪ್ಪನೋ ಬಳಸಿದ ರೀಲ್ ಕ್ಯಾಮೆರಾ ಇರುವುದುಂಟು. ರಜೆಯಲ್ಲಿ ಅದು ಮಕ್ಕಳ ಕೈಗೆ ಸಿಕ್ಕರೆ ಮೊದಲ ಪ್ರಶ್ನೆ, ‘ಸರ್, ಇದರ ಮೀಟರು ಸರಿ ಇದೆಯೇ?’ ಬೆಳಕನ್ನು ಅಳೆದು ಮುಳ್ಳಿನಿಂದ ತೋರಿಸುವ ಸಾಧನವೇ ಲೈಟ್ ಮೀಟರು. ಇಂದು ಒಂದು ರೀಲಿಗೆ ನೂರಾರು ರೂಪಾಯಿ, ತೊಳೆಸುವ ಖರ್ಚು ಬೇರೆ. ಆದ್ದರಿಂದ ರೀಲು ಹಾಕುವ ಮೊದಲೇ ಮೀಟರನ್ನು ಪರೀಕ್ಷಿಸಬೇಕು. ಅದಕ್ಕೆ ಹೈಸ್ಕೂಲಿನ ವಿದ್ಯುತ್ ಪಾಠವೇ ಸಾಕು.

ಮೊದಲು ಕೇಳಿಕೊಳ್ಳಬೇಕಾದದ್ದು: ಮುಳ್ಳನ್ನು ತಿರುಗಿಸುವ ವಿದ್ಯುತ್ ಎಲ್ಲಿಂದ ಬರುತ್ತದೆ?

ಲೆನ್ಸಿನ ಹತ್ತಿರ ಜೇನುಹುಟ್ಟಿನಂಥ ಉಬ್ಬುಗಳ ಗಾಜು ಇದ್ದರೆ ಅದು ಸಾಮಾನ್ಯವಾಗಿ ಸೆಲೆನಿಯಮ್ ಮೀಟರು. ಅದಕ್ಕೆ ಬ್ಯಾಟರಿ ಬೇಡ. ಸೋಲಾರ್ ಫಲಕದಂತೆ, ಬೆಳಕು ಬಿದ್ದಾಗ ತಾನೇ ಅಲ್ಪ ವಿದ್ಯುತ್ ಹುಟ್ಟಿಸುತ್ತದೆ. ಅಂಗಳದ ಬಿಸಿಲಿಗೆ ಹಿಡಿದರೆ ಮುಳ್ಳು ಏರಬೇಕು, ಅಂಗೈಯಿಂದ ಮುಚ್ಚಿದರೆ ಇಳಿಯಬೇಕು. ಏರದಿದ್ದರೆ ಒಳಗಿನ ತಂತಿ ಬಿಟ್ಟಿರಬಹುದು, ಇಲ್ಲವೇ ನಮ್ಮ ಮಳೆಗಾಲದ ತೇವಕ್ಕೆ ಸೆಲೆನಿಯಮ್ ಪದರ ಕೆಟ್ಟಿರಬಹುದು. ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಮುಳ್ಳಿನ ಸುರುಳಿಗೆ ತಾಗಿಸಬೇಡಿ. ಆ ಅಳತೆಯಲ್ಲಿ ಅದು ತನ್ನದೇ ವಿದ್ಯುತ್ ಹರಿಸುವುದರಿಂದ ನವುರಾದ ಸುರುಳಿ ಹಾಳಾದೀತು.

ಹಿಂದೆ ಮದುವೆ ಮನೆಗಳಲ್ಲಿ ಕಾಣುತ್ತಿದ್ದ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾದಲ್ಲಿರುವುದು ಕ್ಯಾಡ್ಮಿಯಮ್ ಸಲ್ಫೈಡ್ ಮೀಟರು. ಬೆಳಕು ಹೆಚ್ಚಿದಂತೆ ಇದರ ರೋಧ ಇಳಿಯುತ್ತದೆ. ವಿದ್ಯುತ್ ಮಾತ್ರ ಬ್ಯಾಟರಿಯದು. ಮೇಲಿನ ಮುಚ್ಚಳ ತೆರೆದರೆ ಮೀಟರು ಚಾಲೂ. ಮುಳ್ಳು ಏಳದಿದ್ದರೆ ಸೆಲ್ ಕೂರುವ ಜಾಗದಲ್ಲಿ ಕಿಲುಬು ಹಿಡಿದಿದೆಯೇ ನೋಡಿ. ವಿನೆಗರ್ ತುಸುವೇ ತಾಗಿಸಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ.

ಹೊಸ ಸೆಲ್ ಹಾಕಿದೊಡನೆ ಮುಳ್ಳು ಅಲ್ಲಾಡಿತೆಂದು ಹಿಗ್ಗಬೇಡಿ. ಈ ಮೀಟರು ತಯಾರಾದದ್ದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ. ಆ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟ್ ಕೊಡುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ 1.5 ವೋಲ್ಟಿನದು, ಬಳಸಿದಂತೆ ಇಳಿಯುತ್ತ ಹೋಗುತ್ತದೆ. ಓಮನ ನಿಯಮ ನೆನಪಿಸಿಕೊಳ್ಳಿ: ವೋಲ್ಟ್ ಹೆಚ್ಚಿದರೆ ಪ್ರವಾಹ ಹೆಚ್ಚು. ಅನೇಕ ಮೀಟರುಗಳು ಆಗ ಇಲ್ಲದ ಬೆಳಕನ್ನು ತೋರಿಸುತ್ತವೆ, ಚಿತ್ರ ಕಪ್ಪಾಗುತ್ತದೆ. ಸತ್ತ ಮೀಟರು ಮೋಸ ಮಾಡದು. ಸುಳ್ಳು ಹೇಳುವ ಮೀಟರು ಇಡೀ ರೀಲನ್ನೇ ನುಂಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ಅಳತೆಯ ಸತು-ಗಾಳಿ ಸೆಲ್ 1.4 ವೋಲ್ಟಿನದು, ಸ್ಥಿರವಾದದ್ದು. ಸಡಿಲಾದರೆ ಸುತ್ತ ಉಂಗುರ ಬೇಕು. ಕೆಲವು ವಾರವಷ್ಟೇ ಬಾಳಿಕೆ.

ಪೋಷಕರಿಗೊಂದು ಮಾತು. ಒಳಗೆ ಸಿಕ್ಕ ಹಳೆಯ ಪಾದರಸದ ಸೆಲ್ಲನ್ನು ಮಕ್ಕಳು ಒಡೆಯದಂತೆ ನೋಡಿಕೊಳ್ಳಿ. ಬಚ್ಚಲೊಲೆಗಂತೂ ಎಸೆಯಲೇಬೇಡಿ, ಕಾದ ಪಾದರಸದ ಆವಿ ವಿಷ. ಮುಚ್ಚಿದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸದ ದುರಂತದ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಅಂಥ ಸೆಲ್ ಈಗ ಸಿಗದಿರುವುದು ಒಳ್ಳೆಯದಕ್ಕೇ.

ಕೊನೆಯ ಪರೀಕ್ಷೆಗೆ ದುಡ್ಡು ಬೇಡ. ಮೋಡವಿಲ್ಲದ ಮಧ್ಯಾಹ್ನ, 100 ವೇಗದ ರೀಲಿಗೆ ಎಫ್ 16 ಮತ್ತು ಸೆಕೆಂಡಿನ 125ನೇ ಒಂದು ಭಾಗ ಹೊಂದಬೇಕು. ಬಿಸಿಲು ಬಿದ್ದ ಹುಲ್ಲಿನ ಕಡೆ ಮೀಟರು ಹಿಡಿಯಿರಿ. ಮೊಬೈಲಿನ ಲೈಟ್ ಮೀಟರ್ ಆ್ಯಪ್‌ನೊಂದಿಗೂ ಹೋಲಿಸಿ, ನೆರಳಿನಲ್ಲಿಯೂ ನೋಡಿ. ವ್ಯತ್ಯಾಸ ಎಲ್ಲೆಡೆ ಒಂದೇ ಆಗಿದ್ದರೆ ಬರೆದಿಟ್ಟುಕೊಂಡು ಕೂಡಿಸಿ, ಕಳೆಯಿರಿ. ಒಂದೊಂದು ಕಡೆ ಒಂದೊಂದು ತೋರಿಸಿದರೆ ನಂಬಬೇಡಿ.

ಇಷ್ಟಾದರೂ ಉಂಚಳ್ಳಿ ಜಲಪಾತದ ನೊರೆ ಮಂಕಾಗಿ, ಯಾಣದ ಕರಿಬಂಡೆ ಬಿಳಿಚಿಕೊಂಡು ಬಂದರೆ ಮೀಟರನ್ನು ಬೈಯಬೇಡಿ. ತನ್ನೆದುರಿನದೆಲ್ಲ ನಡುಬೂದು ಬಣ್ಣದ್ದೆಂದೇ ಅದು ಲೆಕ್ಕ ಹಾಕುತ್ತದೆ. ಅದು ರೋಗವಲ್ಲ, ಸ್ವಭಾವ. ಮುಳ್ಳು ಹೇಳುವುದು ಅಳತೆಯನ್ನು, ತೀರ್ಮಾನ ನಿಮ್ಮದು.