ಖಾತ್ರಿ ಓಟಿಗೆ ಕವಡೆ ಕಿಮ್ಮತ್ತಿಲ್ಲ!

ಕನ್ನಡದ ಯುವಕರೇ,

ನಾನು ಅರಸೀಕೆರೆಯಲ್ಲಿ ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಿಷನ್ನಿನ ಮುಂದೆ ನಿಂತವನು, ಇವತ್ತಿಗೂ ಕೈಗೆ ಅಂಟಿದ ಮಸಿ ಹೋಗಿಲ್ಲ. ಲಗ್ನಪತ್ರಿಕೆ, ತಿಥಿ ಕಾರ್ಡು, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಚುನಾವಣೆ ಬಂದಾಗ ಕರಪತ್ರ. ಇದೇ ನನ್ನ ವಿಶ್ವವಿದ್ಯಾನಿಲಯ. ಪಂಡಿತರು ಟೀವಿಯಲ್ಲಿ ಕೂತು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕ ಬೇಕಿಲ್ಲ. ಎಲ್ಲಿ ಎರಡು ಕಡೆಯವರೂ ನನ್ನ ಬಾಗಿಲಿಗೆ ಬಂದು ‘ಮೊದಲು ನಮ್ಮದು ಮಾಡಿಕೊಡಿ’ ಎಂದು ಜಗಳವಾಡುತ್ತಾರೋ ಅಲ್ಲಿ ಚುನಾವಣೆ ಇದೆ. ಎಲ್ಲಿ ಒಂದೇ ಕಡೆಯವರು ಬಂದು ‘ಫೋಟೋ ದೊಡ್ಡದಿರಲಿ, ಬರಹ ಚಿಕ್ಕದಿರಲಿ’ ಎನ್ನುತ್ತಾರೋ ಅಲ್ಲಿರುವುದು ಚುನಾವಣೆಯಲ್ಲ, ಜಾತ್ರೆ!

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಪ್ರೆಸ್ಸಿಗೆ ಬಂದ. ಪಕ್ಷೇತರ. ಬೆನ್ನಿಗೆ ಜಾತಿ ಇಲ್ಲ, ಕೈಯಲ್ಲಿ ದುಡ್ಡಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಬೇಡಿಕೆ ಬರೆದು ತಂದಿದ್ದ. ಕನ್ನಡದ ಹುಡುಗರಿಗೆ ಕೆಲಸ, ಬ್ಯಾಂಕಿನಲ್ಲಿ ಕನ್ನಡ ಚಲನ್ನು, ಅಂಥವು. ಎರಡು ಸಾವಿರ ಪ್ರತಿ ಕೇಳಿದ. ಚುನಾವಣೆಯ ಕರಪತ್ರ ಎಂದ ಮೇಲೆ ಅಡಿಯಲ್ಲಿ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ಅದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನಗೆ ಹೆದರಿಕೆಯಾದದ್ದು ಜೈಲಿಗಲ್ಲ, ಆ ಅಡಿಯ ಸಾಲಿಗೆ. ಗೆಲ್ಲುವ ಕಡೆಯವರು ಅದನ್ನು ಓದಿದರೆ ನಾಳೆ ನನ್ನ ಬಿಲ್ ಪುಸ್ತಕದ ಗಿರಾಕಿ ಯಾರು?

‘ಮಿಷನ್ ಕೆಟ್ಟಿದೆಯಪ್ಪಾ’ ಎಂದೆ. ಮಿಷನ್ ಅವನ ಎದುರಿಗೇ ಓಡುತ್ತಿತ್ತು.

ಹುಡುಗ ಒಂದು ಮಾತೂ ಆಡದೆ ಹಾಳೆ ಮಡಿಸಿಕೊಂಡು ಹೋದ. ಯಾರೂ ನನ್ನನ್ನು ಬೆದರಿಸಿರಲಿಲ್ಲ. ಯಾರ ಫೋನೂ ಬಂದಿರಲಿಲ್ಲ. ನಾಚಿಕೆಯ ಮಾತು ಅದೇ! ಒಂದೇ ಕಡೆ ವಾಲಿದ ಊರಿನಲ್ಲಿ ಯಾರೂ ಬೆದರಿಸಬೇಕಾಗಿಲ್ಲ, ನಾವೇ ಬೆದರಿಕೊಳ್ಳುತ್ತೇವೆ.

ಮೂವತ್ತೆರಡಕ್ಕೆ ಮೂವತ್ತೆರಡು!

ಈ ರೋಗ ನಮ್ಮೊಬ್ಬರದೇ ಅಲ್ಲ. ದೇಶದ ಈಶಾನ್ಯ ಮೂಲೆಯಲ್ಲಿರುವ ಪುಟ್ಟ ಸಿಕ್ಕಿಂ ನೋಡಿ. 1975ರಲ್ಲಿ ಭಾರತಕ್ಕೆ ಸೇರಿದ ರಾಜ್ಯ. ವಿಧಾನಸಭೆಯಲ್ಲಿ 32 ಸ್ಥಾನ, ಲೋಕಸಭೆಗೆ ಒಬ್ಬರೇ ಸದಸ್ಯರು. 1989ರಲ್ಲಿ ನರ ಬಹಾದ್ದೂರ್ ಭಂಡಾರಿಯವರ ಸಿಕ್ಕಿಂ ಸಂಗ್ರಾಮ ಪರಿಷತ್ತು ಗೆದ್ದದ್ದು ಮೂವತ್ತೆರಡಕ್ಕೆ ಮೂವತ್ತೆರಡು. 2009ರಲ್ಲಿ ಪವನ್ ಚಾಮ್ಲಿಂಗ್ ಅವರ ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್ ಗೆದ್ದದ್ದೂ ಮೂವತ್ತೆರಡಕ್ಕೆ ಮೂವತ್ತೆರಡು. 2024ರಲ್ಲಿ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ ಮೂವತ್ತೊಂದು. ವಿರೋಧ ಪಕ್ಷದಲ್ಲಿ ಉಳಿದಿದ್ದ ಒಬ್ಬ ಶಾಸಕರೂ ಮರುತಿಂಗಳೇ ಆಳುವ ಪಕ್ಷಕ್ಕೆ ಹೋದರು. ಇನ್ನು ಅಲ್ಲಿ ಪ್ರಶ್ನೆ ಕೇಳುವವನೂ ಅವರವನೇ, ಉತ್ತರ ಹೇಳುವವನೂ ಅವರವನೇ!

ಆದರೆ ಸಿಕ್ಕಿಂನವರನ್ನು ಕುರಿಮಂದೆ ಎಂದು ನಗಬೇಡಿ. ಇನ್ನೊಂದು ಮುಖವೂ ಇದೆ. ಮೂವತ್ತೆರಡೂ ಗೆದ್ದಿದ್ದ ಭಂಡಾರಿಯವರು 1994ರಲ್ಲಿ ಸದನದಲ್ಲೇ ವಿಶ್ವಾಸ ಕಳೆದುಕೊಂಡು ಇಳಿದರು. ಅದೇ ವರ್ಷ ಗದ್ದುಗೆ ಏರಿ 2019ರವರೆಗೆ ಆಳಿದ ಚಾಮ್ಲಿಂಗ್ ಅವರನ್ನು 2024ರಲ್ಲಿ ಜನ ನಿಂತ ಎರಡೂ ಕ್ಷೇತ್ರಗಳಲ್ಲಿ ಸೋಲಿಸಿದರು. ಇನ್ನೂ ದೊಡ್ಡ ಮಾತು ಕೇಳಿ. ಸಿಕ್ಕಿಂನ ಆ ಒಂದೇ ಲೋಕಸಭಾ ಸ್ಥಾನದಲ್ಲಿ ಕೂತಿದ್ದ ದಿಲ್ ಕುಮಾರಿ ಭಂಡಾರಿಯವರು ದೆಹಲಿಯಲ್ಲಿ ನೇಪಾಳಿ ಭಾಷೆಗಾಗಿ ಪಟ್ಟು ಹಿಡಿದರು. ಡಾರ್ಜಿಲಿಂಗ್ ಕಡೆಯ ಜನರ ದಶಕಗಳ ಹೋರಾಟವೂ ಜೊತೆಗಿತ್ತು. 1992ರಲ್ಲಿ ಕೊಂಕಣಿ, ಮಣಿಪುರಿ ಜೊತೆ ನೇಪಾಳಿಯೂ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು.

ಅಂದರೆ ಏನು? ಎಲ್ಲರೂ ಒಂದೇ ಕಡೆ ಓಟು ಹಾಕುವುದು ಪಾಪವಲ್ಲ. ಏನೂ ಕೇಳದೆ ಹಾಕುವುದು ಪಾಪ! ಷರತ್ತು ಹಾಕಿ ಕೊಟ್ಟರೆ ಒಂದು ಸ್ಥಾನಕ್ಕೂ ಬೆಲೆ. ಸುಮ್ಮನೆ ಸುರಿದರೆ ಇಪ್ಪತ್ತೈದಕ್ಕೂ ಕವಡೆ ಬೆಲೆಯಿಲ್ಲ. ಇಪ್ಪತ್ತೈದು ಎಂದು ಬಾಯಿತಪ್ಪಿ ಹೇಳಲಿಲ್ಲ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಅಜ್ಜಂದಿರ ಕಾಲದ ಮೈಸೂರು

ನಾವೂ ಒಂದು ಕಾಲದಲ್ಲಿ ಸಣ್ಣ ರಾಜ್ಯವೇ. ಒಂಬತ್ತು ಜಿಲ್ಲೆಯ ಮೈಸೂರು. ನಮ್ಮ ಹಾಸನ ಅದರಲ್ಲಿ ಒಂದು. 1952ರ ಮೊದಲ ಚುನಾವಣೆಯಲ್ಲಿ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ. ಅಂಥ ಏಕಪಕ್ಷದ ರಾಜ್ಯದಲ್ಲಿ ಕನ್ನಡ ನಾಡು ಒಂದಾಗುವ ಮಾತು ತಾನಾಗಿ ನಡೆಯಿತೇ? ಇಲ್ಲ. ಹಳೇ ಮೈಸೂರಿನ ಮುಖಂಡರಲ್ಲಿ ಹಲವರಿಗೆ ಏಕೀಕರಣವೇ ಬೇಡವಾಗಿತ್ತು. ತಮ್ಮ ಜಾತಿಯ ಬಲ ಕುಗ್ಗೀತು, ತಮ್ಮ ಕುರ್ಚಿ ಅಲುಗಾಡೀತು ಎಂಬ ಭಯ. ಆ ಕಡೆ 1953ರಲ್ಲಿ ಹುಬ್ಬಳ್ಳಿಯ ಹತ್ತಿರ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂತರು. ಹುಬ್ಬಳ್ಳಿ ಹೊತ್ತಿ ಉರಿಯಿತು. ಅಲ್ಲಿನ ಉಪಚುನಾವಣೆಯಲ್ಲಿ ಜನ ಕಾಂಗ್ರೆಸ್ಸನ್ನು ಸೋಲಿಸಿ ಏಕೀಕರಣದ ಅಭ್ಯರ್ಥಿಯನ್ನು ಗೆಲ್ಲಿಸಿದರು. ಸ್ವಾತಂತ್ರ್ಯ ತಂದ ಪಕ್ಷ ಎಂದು ಮುಲಾಜು ನೋಡಲಿಲ್ಲ!

ಕೆಂಗಲ್ಲರು ತಮ್ಮದೇ ಪಕ್ಷದ ಹಲವರನ್ನು ಎದುರು ಹಾಕಿಕೊಂಡು ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಕುರ್ಚಿ ಕಳೆದುಕೊಂಡರು. ಅದೇ ವರ್ಷ ನವೆಂಬರ್ 1ಕ್ಕೆ ನಾಡು ಒಂದಾಯಿತು. ಕುರ್ಚಿ ಹೋದರೂ ಹೆಸರು ಉಳಿಯಿತು. ಇವತ್ತಿನವರಿಗೆ ಕುರ್ಚಿ ಇದೆ, ಹೆಸರು?

ಅಲ್ಲಿಂದ ಮುಂದೆ ಮತ್ತೆ ಅದೇ ನಿದ್ದೆ. 1952ರಿಂದ 1978ರವರೆಗಿನ ಆರು ವಿಧಾನಸಭಾ ಚುನಾವಣೆಗಳನ್ನೂ ಗೆದ್ದದ್ದು ಕಾಂಗ್ರೆಸ್ಸೇ. ಗೆಲುವು ಖಾತ್ರಿಯಾದವರಿಗೆ ಕನ್ನಡ ನವೆಂಬರ್ ತಿಂಗಳ ಭಾಷಣ. ಆಮೇಲೆ ಏನಾಯಿತು? 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. 1982ರಲ್ಲಿ ಗೋಕಾಕ್ ಚಳವಳಿ. ಡಾ. ರಾಜ್‌ಕುಮಾರ್ ಬೀದಿಗೆ ಬಂದರು, ನಾಡೇ ಅವರ ಹಿಂದೆ ನಡೆಯಿತು. 1983ರ ಜನವರಿಯ ಚುನಾವಣೆಯಲ್ಲಿ 224ರಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು 82. ಮುಖ್ಯಮಂತ್ರಿ ಗುಂಡೂರಾವ್ ಅವರೇ ಸೋತರು. ಮೊದಲ ಬಾರಿಗೆ ಬೇರೆ ಪಕ್ಷದ ಸರ್ಕಾರ ಬಂತು. ಅದರ ಮೇಲೆಯೇ ಕನ್ನಡ ಕಾವಲು ಸಮಿತಿ ಬಂತು, ಕನ್ನಡಿಗರ ಉದ್ಯೋಗಕ್ಕೆ ಸರೋಜಿನಿ ಮಹಿಷಿ ಸಮಿತಿ ಬಂತು. ರಾಮಕೃಷ್ಣ ಹೆಗಡೆಯವರು ದೇವರಾಗಿದ್ದರಿಂದ ಇವು ಬಂದವು ಎಂದು ನಾನು ಹೇಳುತ್ತಿಲ್ಲ. ಓಟು ಈ ಕಡೆಯಿಂದ ಆ ಕಡೆಗೆ ಹೋಗಬಲ್ಲದು ಎಂಬುದು ವಿಧಾನಸೌಧದ ಕಂಬಗಳಿಗೂ ಗೊತ್ತಾದದ್ದರಿಂದ ಬಂದವು!

ಈಗ ಬನ್ನಿ, ಆ ಇಪ್ಪತ್ತೈದಕ್ಕೆ

2019ರಲ್ಲಿ ನಾವು ದೆಹಲಿಗೆ ಕಳಿಸಿದ 28 ಜನರಲ್ಲಿ 25 ಮಂದಿ ಒಂದೇ ಪಕ್ಷದವರು. ಅದೇ ಪಕ್ಷ ದೆಹಲಿಯಲ್ಲಿ ಆಳುತ್ತಿತ್ತು. ಕನ್ನಡಿಗರ ಭಾಗ್ಯದ ಬಾಗಿಲು ತೆರೆಯಿತು ಎಂದರು. ತೆರೆದದ್ದೇನು? 14ನೇ ಹಣಕಾಸು ಆಯೋಗದಲ್ಲಿ ಕೇಂದ್ರ ಹಂಚುವ ತೆರಿಗೆ ಹಣದಲ್ಲಿ ನಮ್ಮ ಪಾಲು ಶೇಕಡ 4.713 ಇತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಈ ನಷ್ಟ ಕಂಡು ಅದೇ ಆಯೋಗ 2020–21ಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಕೊಡಿ ಎಂದು ಶಿಫಾರಸು ಮಾಡಿತ್ತು. ಕೇಂದ್ರ ಕೊಡಲಿಲ್ಲ. ಪಾಲು ಇಳಿಸಿದ್ದು ಸಂಸದರಲ್ಲ, ಒಪ್ಪುತ್ತೇನೆ. ಆದರೆ ಬರಬೇಕಾದ ಆ ಹಣಕ್ಕಾಗಿ ಇಪ್ಪತ್ತೈದು ಜನ ಒಟ್ಟಾಗಿ ಒಂದು ದಿನ ಸದನದ ಬಾವಿಗಿಳಿದಿದ್ದರೆ? ಅವರ ಟಿಕೆಟ್ಟು ಹೈಕಮಾಂಡಿನ ಕೈಯಲ್ಲಿ, ನಮ್ಮ ಓಟು ಅವರ ಜೇಬಿನಲ್ಲಿ. ಅವರು ಯಾರಿಗೆ ಹೆದರಬೇಕು?

ಪಕ್ಕದ ಆಂಧ್ರ ನೋಡಿ. 2024ರಲ್ಲಿ ತೆಲುಗುದೇಶಕ್ಕೆ ಸಿಕ್ಕಿದ್ದು 16 ಸಂಸದರು. ಕೇಂದ್ರ ಸರ್ಕಾರಕ್ಕೆ ಆ ಹದಿನಾರು ಬೇಕಾಗಿತ್ತು. ಜುಲೈ ಬಜೆಟ್ಟಿನಲ್ಲೇ ಅಮರಾವತಿ ರಾಜಧಾನಿಗೆ 15,000 ಕೋಟಿ ರೂಪಾಯಿ ಹೊಂದಿಸುವ ಘೋಷಣೆ ಬಂತು. ಅವರ ಹದಿನಾರು ತಕ್ಕಡಿಯ ಮೇಲಿತ್ತು. ನಮ್ಮ ಇಪ್ಪತ್ತೈದು ಗೋದಾಮಿನಲ್ಲಿ ಕೊಳೆಯಿತು!

ಇದು ಒಂದು ಪಕ್ಷದ ಮೇಲಿನ ಸಿಟ್ಟಲ್ಲ. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ 2024ರ ಜುಲೈ 15ರಂದು ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ 70. ಉದ್ಯಮಿಗಳು ಕಣ್ಣು ಕೆಂಪಗೆ ಮಾಡಿದರು. 17ರಂದು ಮಸೂದೆ ತಡೆಹಿಡಿಯಲಾಯಿತು. ಎರಡೇ ದಿನ! ಮಹಿಷಿ ವರದಿ 1986ರದು, 58 ಶಿಫಾರಸು. ಅಂದಿನಿಂದ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಉದ್ಯಮಿ ಮುನಿದರೆ ಬಂಡವಾಳ ಹೋಗುತ್ತದೆ ಎಂದು ಅವರಿಗೆ ಗೊತ್ತು. ಕನ್ನಡಿಗ ಮುನಿದರೆ ಏನು ಹೋಗುತ್ತದೆ? ಓಟು ಹೋಗುವುದಿಲ್ಲ ಎಂಬುದೂ ಅವರಿಗೆ ಗೊತ್ತು!

ಹಲ್ಮಿಡಿಯ ಪಾಠ

ನನ್ನ ಜಿಲ್ಲೆಯನ್ನು ಬಿಟ್ಟು ಮಾತಾಡಿದರೆ ಕಳ್ಳನಾಗುತ್ತೇನೆ. ಹಾಸನದ ಏಳು ವಿಧಾನಸಭಾ ಸ್ಥಾನಗಳಲ್ಲಿ 2018ರಲ್ಲಿ ಆರು ಜೆಡಿಎಸ್ಸಿಗೆ ಹೋದವು. 2023ರಲ್ಲಿ ನಾಲ್ಕಕ್ಕೆ ಇಳಿಯಿತು. ನಮ್ಮ ಅರಸೀಕೆರೆ 2008ರಿಂದ ಸತತ ನಾಲ್ಕು ಬಾರಿ ಒಬ್ಬರನ್ನೇ ಗೆಲ್ಲಿಸಿತು. ಮೂರು ಸಲ ಜೆಡಿಎಸ್ಸಿನಿಂದ, ನಾಲ್ಕನೇ ಸಲ ಕಾಂಗ್ರೆಸ್ಸಿನಿಂದ. ಹಳೇಬೀಡನ್ನು ಒಳಗೊಂಡ ಬೇಲೂರು ಇದಕ್ಕೆ ತದ್ವಿರುದ್ಧ. 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಜೆಡಿಎಸ್, 2023ರಲ್ಲಿ ಬಿಜೆಪಿ. ಹಾಗಾದರೆ ಬೇಲೂರಿನವರು ಜಾಣರೇ? ಬರೀ ಗುರುತು ಬದಲಾಯಿಸಿದರೆ ಸಾಲದು ಸ್ವಾಮಿ. ಅಂಗಡಿ ಬದಲಾಯಿಸಿ, ಬೆಲೆ ಕೇಳದಿದ್ದರೆ ಏನು ಬಂತು? ಇಷ್ಟು ವರ್ಷ ನಾನು ಅಚ್ಚು ಹಾಕಿದ ಕರಪತ್ರಗಳಲ್ಲಿ ರಸ್ತೆ ಇತ್ತು, ಕೆರೆಗೆ ನೀರಿತ್ತು, ಸಮುದಾಯ ಭವನವಿತ್ತು. ಕನ್ನಡ ಇದ್ದದ್ದು ಕೊನೆಯಲ್ಲಿ ಮಾತ್ರ, ‘ಕನ್ನಡಾಂಬೆಯ ಸೇವಕ’ ಎಂಬ ಬಿರುದಿನಲ್ಲಿ!

ಅದೇ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಇದೆ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಕ್ರಿ.ಶ. 450ರ ಸುಮಾರಿನದು ಎನ್ನುವ ಕನ್ನಡ ಶಾಸನದ ಊರು. ಆ ಶಾಸನ ಏನು ಹೇಳುತ್ತದೆ? ಯುದ್ಧದಲ್ಲಿ ಗೆದ್ದುಕೊಟ್ಟ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರು ಎನ್ನುತ್ತದೆ. ಬಾಳ್ಗಳ್ಚು ಎಂದರೆ ಕತ್ತಿ ತೊಳೆದದ್ದಕ್ಕೆ ಕೊಡುವ ದತ್ತಿ. ಗೆಲ್ಲಿಸಿದವನಿಗೆ ಋಣ ತೀರಿಸಬೇಕು, ತೀರಿಸಿದ್ದನ್ನು ಕಲ್ಲಿನಲ್ಲಿ ಬರೆದಿಡಬೇಕು. ಒಂದೂವರೆ ಸಾವಿರ ವರ್ಷದ ಹಿಂದೆ ಕನ್ನಡದ ನೆಲದಲ್ಲಿ ಇಷ್ಟು ಮರ್ಯಾದೆ ಇತ್ತು. ಇವತ್ತು ಐದು ವರ್ಷಕ್ಕೊಮ್ಮೆ ಗೆಲ್ಲಿಸುವವರು ನಾವು. ನಮ್ಮ ಬಾಳ್ಗಳ್ಚು ಎಲ್ಲಿ?

ಬೆಂಗಳೂರಿನ ಹುಡುಗರೇ, ಹುಡುಗಿಯರೇ, ಈಗ ನಿಮ್ಮ ಸರದಿ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 73 ಮಂದಿ ಓಟು ಹಾಕಿದರು. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮನೆಯಲ್ಲೇ ಉಳಿದರು. ಬಾರದ ಓಟಿಗೂ ಬೆಲೆಯಿಲ್ಲ, ಖಾತ್ರಿ ಓಟಿಗೂ ಬೆಲೆಯಿಲ್ಲ. ಬರುತ್ತದೋ ಇಲ್ಲವೋ ಎಂದು ನಿದ್ದೆಗೆಡಿಸುವ ಓಟಿಗೆ ಮಾತ್ರ ಬೆಲೆ! ನಿಮ್ಮ ಬೂತಿನಲ್ಲಿ ಇನ್ನೂರು ಜನ ಸೇರಿ. ಒಂದು ಹಾಳೆಯಲ್ಲಿ ಮೂರೇ ಪ್ರಶ್ನೆ ಬರೆಯಿರಿ. ಸ್ಥಳೀಯರ ಉದ್ಯೋಗದ ಮಸೂದೆಗೆ ನೀವು ಸದನದಲ್ಲಿ ಕೈ ಎತ್ತುತ್ತೀರಾ? ಬ್ಯಾಂಕು, ಅಂಚೆ, ರೈಲ್ವೆ ಕಿಟಕಿಯಲ್ಲಿ ಕನ್ನಡಕ್ಕಾಗಿ ಏನು ಮಾಡುತ್ತೀರಿ? ನಿಮ್ಮ ಹೈಕಮಾಂಡು ಬೇಡ ಎಂದರೆ ಯಾರ ಮಾತು ಕೇಳುತ್ತೀರಿ? ಎಲ್ಲ ಪಕ್ಷದ ಅಭ್ಯರ್ಥಿಗಳಿಂದಲೂ ಸಹಿ ಕೇಳಿ. ಸಹಿ ಹಾಕಿದವರು, ಹಾಕದವರು ಇಬ್ಬರ ಹೆಸರನ್ನೂ ಅಚ್ಚು ಹಾಕಿ ಮನೆಮನೆಗೆ ಹಂಚಿ. ಐದು ವರ್ಷ ಆ ಹಾಳೆಯನ್ನು ಬಿಸಾಡಬೇಡಿ.

ಓಟು ಊರಿನಲ್ಲೇ ಇರುವವರು ಅದೇ ಹಾಳೆಯನ್ನು ಊರಿಗೂ ತನ್ನಿ. ಹಬ್ಬಕ್ಕೆ ಬರುವಾಗ ನಿಮ್ಮ ರೈಲು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಇಳಿದು ನನ್ನ ಪ್ರೆಸ್ಸಿಗೆ ಬನ್ನಿ. ಮತದಾರರ ಆ ಪ್ರಶ್ನೆಪತ್ರವನ್ನು ಬರೀ ಕಾಗದದ ದುಡ್ಡಿಗೆ ಅಚ್ಚು ಹಾಕಿಕೊಡುತ್ತೇನೆ. ಅಡಿಯಲ್ಲಿ ನನ್ನ ಹೆಸರು, ವಿಳಾಸ ದಪ್ಪಕ್ಷರದಲ್ಲಿ ಇರುತ್ತದೆ. ಅವತ್ತು ಬರಿಗೈಯಲ್ಲಿ ಹೋದ ಹುಡುಗ ಇದನ್ನು ಓದುತ್ತಿದ್ದರೆ ಅವನೂ ಬರಲಿ.

ಮಿಷನ್ ಸರಿಯಾಗಿದೆ, ತಮ್ಮಾ. ಅವತ್ತೂ ಸರಿಯಾಗಿಯೇ ಇತ್ತು. ಕೆಟ್ಟಿದ್ದವನು ನಾನು.

ಸಿರಿಗನ್ನಡಂ ಗೆಲ್ಗೆ!